ಮಳೆಗಾಲಕ್ಕೊಂದು ಕೇಸು: ಪತ್ತೇದಾರಿ ಗೇಮ್‌ಗಳನ್ನು ಮನೆಮಂದಿ ಜೊತೆ ಕೂತು ಆಡುವುದು ಹೇಗೆ

ಜುಲೈ ಬಂತೆಂದರೆ ಸೋಮವಾರಪೇಟೆ ಕಡೆಯ ನಮ್ಮ ತೋಟದ ಮನೆಯಲ್ಲಿ ಸಂಜೆ ಐದಕ್ಕೇ ಲೈಟ್ ಹಾಕಬೇಕು. ಅದೂ ಕರೆಂಟ್ ಇದ್ದರೆ. ಹೊರಗೆ ಹೋದರೆ ಜಿಗಣೆ, ಒಳಗೆ ಕೂತರೆ ಒಣಗದ ಬಟ್ಟೆಯ ವಾಸನೆ. ಮಳೆ ಜೋರಾದರೆ ಡಿಶ್‌ಗೆ ಸಿಗ್ನಲ್ ಇಲ್ಲ. ಅತ್ತೆ ನೋಡುವ ಕ್ರೈಂ ಧಾರಾವಾಹಿ ಕೊಲೆ ಆದಲ್ಲಿಗೇ ನಿಂತುಬಿಡುತ್ತದೆ. ಅಂಥದ್ದೊಂದು ಸಂಜೆ, ಸುಮ್ನೆ ಇರಲಿ ಅಂತ ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿ 'ಎಲ್.ಎ. ನ್ವಾರ್' ಎಂಬ ಪತ್ತೇದಾರಿ ಗೇಮ್ ಹಾಕಿದೆ. ಅತ್ತೆ ಮೊದಲ ಹತ್ತು ನಿಮಿಷ ಅದನ್ನು ಇಂಗ್ಲಿಷ್ ಸಿನಿಮಾ ಅಂದುಕೊಂಡಿದ್ದರು. ನಾನು ಒಬ್ಬ ಸಾಕ್ಷಿಯ ಮಾತು ನಂಬಿ ಬಟನ್ ಒತ್ತಲು ಹೊರಟಾಗ, "ಏ, ತಡಿಯೋ. ಸುಳ್ಳು ಹೇಳ್ತಿದ್ದಾನೆ ಅವನು. ಗಂಟಲು ನೋಡು, ಹೇಗೆ ನುಂಗ್ತಿದ್ದಾನೆ" ಅಂದರು. ಅವರು ಹೇಳಿದ್ದೇ ಸರಿಯಾಗಿತ್ತು. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ.

ಆಮೇಲೆ ಮೂರು ಮಳೆಗಾಲ ಕಳೆದಿವೆ. ಈ ಬಗೆಯ ಗೇಮ್‌ಗಳನ್ನು ಆಡಲು ಬೆರಳು ಚುರುಕಾಗಿರಬೇಕಿಲ್ಲ. ಎದುರಿನವರ ಮಾತು ಮುಗಿಯುವ ತನಕ ಬಾಯಿ ಮುಚ್ಚಿಕೊಂಡಿರಲು ಬರಬೇಕು, ಅಷ್ಟೇ. ನನಗೆ ಅದು ಬರುತ್ತಿರಲಿಲ್ಲ. ಹಾಗಾಗಿ ಕೆಳಗಿನದರಲ್ಲಿ ಅರ್ಧಕ್ಕಿಂತ ಜಾಸ್ತಿ ನಾನು ಎಡವಿ ಕಲಿತದ್ದು.

ಹೆಜ್ಜೆ 1: ಯಾವ ಕೇಸು ಅಂತ ಮೊದಲು ತೀರ್ಮಾನಿಸಿ

ಪತ್ತೇದಾರಿ ಗೇಮ್ ಅಂದರೆ ಎಲ್ಲವೂ ಒಂದೇ ಥರ ಇರುವುದಿಲ್ಲ. ಇದು ಹಳೆಯ ಜಾತಿ ಕೂಡ. 1983ರಲ್ಲೇ ಜಪಾನಿನ ಯೂಜಿ ಹೋರಿ ಎಂಬುವರು ಕೊಲೆ ತನಿಖೆಯ ಒಂದು ಕಂಪ್ಯೂಟರ್ ಗೇಮ್ ಮಾಡಿದ್ದರು. ಈಗ ಸಿಗುವವುಗಳನ್ನು ನಾನು ನನ್ನ ಅನುಕೂಲಕ್ಕೆ ಮೂರು ಗುಂಪು ಮಾಡಿಕೊಂಡಿದ್ದೇನೆ.

ಒಂದು, ಕೂತು ನೋಡುವಂಥವು. 2011ರ 'ಎಲ್.ಎ. ನ್ವಾರ್' ಇಲ್ಲಿ ಬರುತ್ತದೆ. 1947ರ ಲಾಸ್ ಏಂಜಲೀಸ್, ಕೋಲ್ ಫೆಲ್ಪ್ಸ್ ಎಂಬ ಪೊಲೀಸ್. 2010ರ 'ಹೆವಿ ರೈನ್', 2013ರಲ್ಲಿ ಶುರುವಾಗಿ ಐದು ಕಂತುಗಳಲ್ಲಿ ಬಂದ 'ದಿ ವುಲ್ಫ್ ಅಮಂಗ್ ಅಸ್' ಕೂಡ ಇದೇ ಗುಂಪಿನವು. ಧಾರಾವಾಹಿ ನೋಡುವವರಿಗೆ ಇವು ಬೇಗ ಹಿಡಿಸುತ್ತವೆ.

ಎರಡು, ಲೆಕ್ಕ ಬಿಡಿಸುವಂಥವು. 2018ರ 'ರಿಟರ್ನ್ ಆಫ್ ದಿ ಓಬ್ರಾ ಡಿನ್', 2022ರ 'ದಿ ಕೇಸ್ ಆಫ್ ದಿ ಗೋಲ್ಡನ್ ಐಡಲ್', 2015ರ 'ಹರ್ ಸ್ಟೋರಿ'. ಇವುಗಳಲ್ಲಿ ಓಡಾಟ ಕಡಿಮೆ, ತಲೆಕೆಡಿಸಿಕೊಳ್ಳುವುದು ಜಾಸ್ತಿ. ಪದಬಂಧ ಬಿಡಿಸುವ ಚಟ ಇರುವ ಒಬ್ಬರು ಮನೆಯಲ್ಲಿ ಇದ್ದರೆ ಇಲ್ಲಿಂದಲೇ ಶುರು ಮಾಡಬಹುದು.

ಮೂರು, ಓದುವಂಥವು. 2019ರ 'ಡಿಸ್ಕೊ ಎಲೀಸಿಯಮ್' ಇವುಗಳ ರಾಜ. ಹತ್ತು ಲಕ್ಷಕ್ಕೂ ಹೆಚ್ಚು ಪದಗಳಿವೆ ಅನ್ನುತ್ತಾರೆ, ಆಡಿದವನಾಗಿ ನಾನು ಅದನ್ನು ನಂಬುತ್ತೇನೆ. 2022ರ 'ಪೆಂಟಿಮೆಂಟ್' ಕೂಡ ಹೀಗೆಯೇ, ಹದಿನಾರನೇ ಶತಮಾನದ ಜರ್ಮನ್ ಊರಿನ ಕಥೆ. ಎರಡೂ ಅದ್ಭುತ. ಎರಡೂ ಮೊದಲ ಗೇಮ್ ಆಗಬಾರದು. ಒಬ್ಬನೇ ಆಡುವುದಾದರೆ ಸರಿ. ಕೂತವರಿಗೆ ಓದಿ ಹೇಳುತ್ತಾ ಹೋದರೆ ಎರಡನೇ ದಿನಕ್ಕೆ ಗಂಟಲು ಕಟ್ಟುತ್ತದೆ.

ಎಲ್ಲರೂ ಹೊಸಬರಾದರೆ ನನ್ನ ಸಲಹೆ 'ಎಲ್.ಎ. ನ್ವಾರ್'. ಆದರೆ ಒಂದು ಮಾತು. ಅದರ ಕೊಲೆ ವಿಭಾಗದ ಕೇಸುಗಳಲ್ಲಿ ಹೆಣಗಳನ್ನು ಬೆತ್ತಲಾಗಿಯೇ ತೋರಿಸುತ್ತಾರೆ. ಮಕ್ಕಳು ಮಲಗಿದ ಮೇಲೆ ಹಾಕಿ. ಮಕ್ಕಳೂ ಕೂರಬೇಕು ಅಂದರೆ 2024ರ 'ಡಕ್ ಡಿಟೆಕ್ಟಿವ್' ಇದೆ. ಬಾತುಕೋಳಿಯೇ ಪತ್ತೇದಾರ, ಎರಡು ಮೂರು ಗಂಟೆಯಲ್ಲಿ ಮುಗಿಯುತ್ತದೆ. ಲ್ಯಾಪ್‌ಟಾಪೇ ಇಲ್ಲದವರಿಗೆ ಮೊಬೈಲಿನಲ್ಲೂ ದಾರಿ ಇದೆ. 'ಏಸ್ ಅಟಾರ್ನಿ' ಫೋನಿನಲ್ಲಿ ಚೆನ್ನಾಗಿ ನಡೆಯುತ್ತದೆ. ಅದು ಪೊಲೀಸರದ್ದಲ್ಲ, ವಕೀಲನ ಕಥೆ. ಕೋರ್ಟಿನಲ್ಲಿ ಸಾಕ್ಷಿಗಳು ಹೇಳುವ ಸುಳ್ಳನ್ನು ಹಿಡಿಯಬೇಕು.

ಹೆಜ್ಜೆ 2: ಮಳೆ ಹಿಡಿಯುವ ಮೊದಲೇ ಇಳಿಸಿಕೊಳ್ಳಿ

ಬೆಂಗಳೂರಿನವರಿಗೆ ಈ ಹೆಜ್ಜೆ ಬೇಕಾಗಲಿಕ್ಕಿಲ್ಲ. ನಮ್ಮ ಕಡೆಯವರಿಗೆ ಬೇಕೇ ಬೇಕು. ನಮ್ಮ ಮನೆಯಲ್ಲಿ ಟವರ್ ಸಿಗುವುದು ಗೇಟಿನ ಪಕ್ಕದ ಬಂಡೆ ಮೇಲೆ ನಿಂತರೆ ಮಾತ್ರ. ಅದೂ ಎರಡು ಕಡ್ಡಿ. ಮೇ ತಿಂಗಳಲ್ಲೇ ಪೇಟೆಯಲ್ಲಿರುವ ನೆಂಟರ ಮನೆಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿ ರಾತ್ರಿಯಿಡೀ ಇಳಿಸಲು ಬಿಡುತ್ತೇನೆ. ಸ್ಟೀಮ್‌ನಲ್ಲಿ (ಗೇಮ್ ಕೊಂಡು ಇಳಿಸಿಕೊಳ್ಳುವ ಆನ್‌ಲೈನ್ ಅಂಗಡಿ ಅದು) ಅಪ್‌ಡೇಟ್‌ಗಳನ್ನು ಇಳಿಸುವ ಹೊತ್ತನ್ನು ಮೊದಲೇ ನಿಗದಿ ಮಾಡಬಹುದು. 'ಓಬ್ರಾ ಡಿನ್' ಥರದ್ದು ಎರಡು ಜಿಬಿಯಷ್ಟೇ, ಚಹಾ ಕುಡಿಯುವಷ್ಟರಲ್ಲಿ ಬಂದುಬಿಡುತ್ತದೆ. ದೊಡ್ಡ ಗೇಮ್‌ಗಳಿಗೆ ರಾತ್ರಿಯಿಡೀ ಬೇಕು.

ಇಳಿಸಿದ ಮೇಲೆ ಅಲ್ಲೇ, ನೆಟ್ ಇರುವಾಗಲೇ ಒಮ್ಮೆ ಓಪನ್ ಮಾಡಿ. ಮೊದಲ ಸಲ ಓಪನ್ ಮಾಡಿದಾಗ ಇನ್ನೇನೋ ಇಳಿಸಿಕೊಳ್ಳುವ, ಲಾಗಿನ್ ಕೇಳುವ ಅಭ್ಯಾಸ ಕೆಲವಕ್ಕಿದೆ. ಮನೆಗೆ ಬಂದು ಬಂಡೆ ಮೇಲೆ ಕೊಡೆ ಹಿಡಿದು ನಿಂತು ಪಾಸ್‌ವರ್ಡ್ ಹೊಡೆದ ಅನುಭವ ನನಗಿದೆ, ನಿಮಗೆ ಬೇಡ. ಆಮೇಲೆ ಸ್ಟೀಮನ್ನು ಆಫ್‌ಲೈನ್ ಮೋಡ್‌ಗೆ ಹಾಕಿ. ಗೇಮ್ ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡುವುದಿಲ್ಲ ಅಂತ ಗೊತ್ತಾದರೆ ಬೇಸರ ಬೇಡ. ಕೊಂಡು ಹದಿನಾಲ್ಕು ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆ ಇದ್ದರೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತದೆ. ಹಾಗಾಗಿ ಆ ಮೊದಲ ಎರಡು ಗಂಟೆಯನ್ನು ಮೆನು ನೋಡುತ್ತಾ ಕಳೆಯಬೇಡಿ.

ಕರೆಂಟಿನ ವಿಷಯ. ಮೊದಲ ವರ್ಷ ನಾನು ಕೆಲವು ದಿನ ಹಳೆ ಡೆಸ್ಕ್‌ಟಾಪಿನಲ್ಲೂ ಆಡುತ್ತಿದ್ದೆ. ಮರ ಬಿದ್ದು ಲೈನ್ ಹೋಯಿತು, ವಿಚಾರಣೆ ಮಧ್ಯೆ ಎಲ್ಲ ಆಫ್. ಅಲ್ಲಿವರೆಗೆ ಆಡಿದ್ದನ್ನು ಉಳಿಸಿಡುವ ಸೇವ್ ಫೈಲ್ ಕೆಟ್ಟು ಆ ಕೇಸನ್ನು ಮೊದಲಿಂದ ಆಡಬೇಕಾಯಿತು. 'ಎಲ್.ಎ. ನ್ವಾರ್' ತಾನಾಗಿಯೇ ಸೇವ್ ಮಾಡಿಕೊಳ್ಳುತ್ತದೆ, ನಿಮಗೆ ಬೇಕಾದಾಗ ಸೇವ್ ಮಾಡಲು ಬಿಡುವುದಿಲ್ಲ. 'ಡಿಸ್ಕೊ'ದಲ್ಲಿ ಕೈಯಾರೆ ಸೇವ್ ಮಾಡಬಹುದು, ಅರ್ಧ ಗಂಟೆಗೊಮ್ಮೆ ಮಾಡಿ. ಡೆಸ್ಕ್‌ಟಾಪ್ ಇದ್ದರೆ ಯುಪಿಎಸ್ ಇಲ್ಲದೆ ಕೂರಬೇಡಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಇದೆ ಅಂತ ಧೈರ್ಯ. ಆದರೆ ಬ್ಯಾಟರಿಯಲ್ಲಿ ಆಡುವಾಗ ದೊಡ್ಡ ಗೇಮ್‌ಗಳು ನಿಧಾನವಾಗುತ್ತವೆ. ನಾವು ಕರೆಂಟ್ ಹೋದ ಕೂಡಲೇ 'ಹರ್ ಸ್ಟೋರಿ'ಗೆ ಬದಲಾಯಿಸುತ್ತಿದ್ದೆವು. ಅದು ಹಳೆ ಕಂಪ್ಯೂಟರಿನಲ್ಲೂ ನಡೆಯುತ್ತದೆ.

ಹೆಜ್ಜೆ 3: ಒಂದು ಚೆಕ್‌ರೋಲ್ ಪುಸ್ತಕ ಹುಡುಕಿ

ನಮ್ಮ ತನಿಖೆಗಳಿಗೆಲ್ಲ ಬಳಸುವುದು ಅರ್ಧ ಉಳಿದ ಚೆಕ್‌ರೋಲ್ ಪುಸ್ತಕ. ತೋಟದ ಆಳುಗಳ ಹಾಜರಿ ಬರೆಯುತ್ತಾರಲ್ಲ, ಅದೇ. ಎಡಗಡೆ ಹೆಸರಿನ ಸಾಲು, ಮೇಲೆ ತಾರೀಕಿನ ಮನೆಗಳು. ಯಾರು, ಯಾವಾಗ, ಎಲ್ಲಿ ಇದ್ದರು ಅಂತ ಬರೆಯಲು ಇದಕ್ಕಿಂತ ಒಳ್ಳೆಯದು ಅಂಗಡಿಯಲ್ಲಿ ಸಿಗುವುದಿಲ್ಲ. ನಿಮ್ಮಲ್ಲಿ ಇಲ್ಲದಿದ್ದರೆ ದೊಡ್ಡ ನೋಟ್‌ಬುಕ್ ಸಾಕು. ಆದರೆ ಬರೆಯಲೇಬೇಕು. ಗೇಮ್ ಒಳಗೇ ನೋಟ್‌ಬುಕ್ ಇರುತ್ತದಲ್ಲ ಅನ್ನಬೇಡಿ. ಅದು ಆಟಕ್ಕೆ ಮುಖ್ಯ ಅನ್ನಿಸಿದ್ದನ್ನು ಮಾತ್ರ ಬರೆದುಕೊಳ್ಳುತ್ತದೆ. ನಿಮಗೆ ಅನುಮಾನ ಬಂದದ್ದು ಅದರಲ್ಲಿ ಇರುವುದಿಲ್ಲ.

ಬರೆಯುವಾಗ ಪುಟವನ್ನು ಎರಡು ಭಾಗ ಮಾಡಿ. ಎಡಕ್ಕೆ ಕಂಡದ್ದು, ಕೇಳಿದ್ದು. ಬಲಕ್ಕೆ ನಮಗೆ ಅನ್ನಿಸಿದ್ದು. 'ಚಪ್ಪಲಿಯಲ್ಲಿ ಕೆಸರು ಇತ್ತು' ಎಡಕ್ಕೆ. 'ತೋಟದಲ್ಲಿ ನಡೆದು ಬಂದಿದ್ದಾನೆ' ಬಲಕ್ಕೆ. ಎರಡನ್ನೂ ಕಲಸಿದರೆ ನಾಲ್ಕು ದಿನದ ಮೇಲೆ ನಿಮ್ಮ ಊಹೆಯನ್ನೇ ಸಾಕ್ಷಿ ಅಂದುಕೊಳ್ಳುತ್ತೀರಿ.

ಇದು ಗೇಮಿನಲ್ಲಿ ಅಲ್ಲ, ನಮ್ಮ ಕಣದಲ್ಲೇ ಆಗಿದೆ. ಒಂದು ಫೆಬ್ರವರಿಯಲ್ಲಿ ರಾತ್ರಿ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಂತು. ಬೆಳಿಗ್ಗೆ ನೋಡಿದರೆ ಕಣದ ಮೂಲೆಯಲ್ಲಿಟ್ಟಿದ್ದ ಕಾಫಿಯ ಎರಡು ಮೂಟೆ ಇಲ್ಲ. ನಾನು ಆಗಲೇ ತೋಟದ ಲೆಕ್ಕ ಬರೆಯುವ ರೈಟರ್ ಮೇಲೆ ಅನುಮಾನಪಟ್ಟಿದ್ದೆ. ಹಿಂದಿನ ವಾರವಷ್ಟೇ ಅವರು ಅಡ್ವಾನ್ಸ್ ಕೇಳಿದ್ದರು. ಅಪ್ಪ ಏನೂ ಅನ್ನಲಿಲ್ಲ. ಹೋಗಿ ಮೂಟೆ ಇದ್ದ ಜಾಗ ನೋಡಿದರು. ಸುತ್ತ ಸಿಮೆಂಟ್ ಒದ್ದೆ, ಮೂಟೆ ಇದ್ದ ಎರಡು ಚೌಕ ಮಾತ್ರ ಒಣಗಿತ್ತು. "ಮಳೆ ನಿಂತ ಮೇಲೆ ತೆಗೆದಿದ್ದಾರೆ" ಅಂದರು. ಮಳೆ ನಿಂತದ್ದು ಐದು ಗಂಟೆಗೆ. ಐದಕ್ಕೆ ಏಳುವವರು ನಮ್ಮ ಮನೆಯಲ್ಲಿ ಒಬ್ಬರೇ. ಅಮ್ಮನನ್ನು ಕೇಳಿದರೆ, "ಹೌದು, ಕೆಳಗಡೆ ನೆನೀತದೆ ಅಂತ ನಾನೇ ಗೋಡೌನಿಗೆ ಹಾಕಿಸಿದೆ. ಯಾರೂ ಕೇಳ್ಲೇ ಇಲ್ವಲ್ಲ" ಅಂದರು. ನನ್ನ ಪುಸ್ತಕದ ಎಡಗಡೆ ಅವತ್ತು ಏನೂ ಇರಲಿಲ್ಲ. ಬಲಗಡೆ ಮಾತ್ರ ಪೂರ್ತಿ ತುಂಬಿತ್ತು.

ಇನ್ನು ಯಾರು ಎಲ್ಲಿ ಕೂರಬೇಕು ಅನ್ನುವುದು. ಒಬ್ಬರ ಕೈಯಲ್ಲಿ ಕಂಟ್ರೋಲರ್ (ಗೇಮ್ ಆಡಿಸುವ ಬಟನ್‌ಗಳ ಸಾಧನ), ಒಬ್ಬರ ಕೈಯಲ್ಲಿ ಪುಸ್ತಕ, ಉಳಿದವರು ನೋಡುವವರು. ಕಂಟ್ರೋಲರ್ ಹಿಡಿದವನಿಗೆ ತೀರ್ಮಾನ ಮಾಡುವ ಅಧಿಕಾರ ಇರಬಾರದು. ಈ ನಿಯಮ ತಂದವಳು ತಂಗಿ, ಕಾರಣ ನಾನು. ಈ ಗೇಮ್‌ಗಳಲ್ಲಿ ಕನ್ನಡ ಇಲ್ಲ. ಹಾಗಾಗಿ ಸಬ್‌ಟೈಟಲ್ ಹಾಕಿ, ಒಬ್ಬರು ಕನ್ನಡದಲ್ಲಿ ಹೇಳುತ್ತಾ ಹೋಗಿ. ಪ್ರತಿ ಮಾತನ್ನೂ ಹೇಳಬೇಕಿಲ್ಲ. ಯಾರು ಯಾರ ಬಗ್ಗೆ ಏನು ಹೇಳಿದರು ಅನ್ನುವಷ್ಟು ಸಾಕು.

ಹೆಜ್ಜೆ 4: ಜಾಗವನ್ನು ಎರಡು ಸಲ ಸುತ್ತಿ

ಕೊಲೆ ನಡೆದ ಜಾಗಕ್ಕೆ ಹೋದ ಕೂಡಲೇ ಹೆಣದ ಹತ್ತಿರ ಓಡುವುದು ಎಲ್ಲರ ಅಭ್ಯಾಸ. ಮೊದಲ ಸುತ್ತಿನಲ್ಲಿ ಏನನ್ನೂ ಮುಟ್ಟಬೇಡಿ. ಬಾಗಿಲು ಎಲ್ಲಿ, ಕಿಟಕಿ ಎಲ್ಲಿ, ಯಾರು ಎಲ್ಲಿ ನಿಂತಿದ್ದಾರೆ, ಅಷ್ಟು ನೋಡಿ. ಎರಡನೇ ಸುತ್ತಿನಲ್ಲಿ ಎತ್ತಿ ತಿರುಗಿಸಿ. 'ಎಲ್.ಎ. ನ್ವಾರ್'ನಲ್ಲಿ ಸುಳಿವಿನ ಹತ್ತಿರ ಹೋದರೆ ಒಂದು ಸಣ್ಣ ದನಿ ಕೇಳುತ್ತದೆ, ಕಂಟ್ರೋಲರ್ ನಡುಗುತ್ತದೆ. ಆ ಜಾಗದ ಸುಳಿವೆಲ್ಲ ಸಿಕ್ಕಾಗ ಹಿನ್ನೆಲೆಯ ಸಂಗೀತ ನಿಲ್ಲುತ್ತದೆ. ಸಂಗೀತ ಇನ್ನೂ ಕೇಳುತ್ತಿದ್ದರೆ ಏನೋ ಬಾಕಿ ಇದೆ ಅಂತ ಅರ್ಥ. ಇದನ್ನೆಲ್ಲ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬಹುದು, ಮೊದಲ ಸಲ ಮಾಡಬೇಡಿ.

ಒಂದು ವಸ್ತುವನ್ನು ಕೈಗೆತ್ತಿಕೊಂಡರೆ ಹಿಂದೆ ಮುಂದೆ ತಿರುಗಿಸಿ. ಬೆಂಕಿಪೊಟ್ಟಣ, ಬೂಟು, ಪರ್ಸ್, ಯಾವುದೇ ಆಗಲಿ. ಕೆಲಸಕ್ಕೆ ಬಾರದ ಸಾಮಾನುಗಳನ್ನೂ ಬೇಕಂತಲೇ ಇಟ್ಟಿರುತ್ತಾರೆ, ಫೆಲ್ಪ್ಸ್ ಅದನ್ನು ನೋಡಿ ಹಾಗೇ ಕೆಳಗಿಡುತ್ತಾನೆ. ಷರ್ಲಾಕ್ ಹೋಮ್ಸ್ ಗೇಮ್‌ಗಳಲ್ಲಿ, ಮುಖ್ಯವಾಗಿ 2014ರ 'ಕ್ರೈಮ್ಸ್ ಅಂಡ್ ಪನಿಶ್‌ಮೆಂಟ್ಸ್'ನಲ್ಲಿ, ಮನುಷ್ಯರನ್ನೂ ಹೀಗೆಯೇ ನೋಡಬೇಕು. ತೋಳು, ಉಗುರು, ಕಾಲರ್. ನಮ್ಮ ಅಮ್ಮ ಇದರಲ್ಲಿ ಭಾರಿ. ಮದುವೆ ಮನೆಯಲ್ಲಿ ಅಭ್ಯಾಸ ಆಗಿದೆ.

ಹೆಜ್ಜೆ 5: ಮಾತಾಡಿಸುವುದು

ಇಲ್ಲಿ ಸ್ವಲ್ಪ ನಿಲ್ಲೋಣ. ಈ ಗೇಮ್‌ಗಳು ಧಾರಾವಾಹಿ ಥರ ಅನ್ನಿಸುವುದು ಇಲ್ಲೇ, ಜಾಸ್ತಿ ತಪ್ಪಾಗುವುದೂ ಇಲ್ಲೇ.

'ಎಲ್.ಎ. ನ್ವಾರ್'ನ ನಟರ ಮುಖವನ್ನು ಸುತ್ತಲೂ 32 ಕ್ಯಾಮೆರಾ ಇಟ್ಟು ಹಿಡಿದಿದ್ದಾರೆ. ಹಾಗಾಗಿ ರೆಪ್ಪೆ, ತುಟಿ, ಗಂಟಲು ಎಲ್ಲ ನಟನದ್ದೇ. ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆ ಆ ವ್ಯಕ್ತಿ ಸುಮ್ಮನೆ ನಿಮ್ಮನ್ನೇ ನೋಡುತ್ತಾ ಕೂರುತ್ತಾನೆ. ಅವಸರ ಇಲ್ಲ, ಟೈಮರ್ ಇಲ್ಲ. ಆ ಮೌನದಲ್ಲೇ ವಿಷಯ ಇರುವುದು. ನೆಟ್ಟಗೆ ನೋಡುತ್ತಿದ್ದರೆ ಸಾಮಾನ್ಯವಾಗಿ ನಿಜ. ಕಣ್ಣು ಪಕ್ಕಕ್ಕೆ ಹೊರಳುತ್ತಿದ್ದರೆ, ತುಟಿ ಬಿಗಿದಿದ್ದರೆ ಏನೋ ಮುಚ್ಚಿಡುತ್ತಿದ್ದಾನೆ. ಇಂಗ್ಲಿಷ್ ಬರುವ ನಾನು ಸಬ್‌ಟೈಟಲ್ ಓದುತ್ತಾ ಇರುತ್ತೇನೆ. ಬಾರದ ಅತ್ತೆ ಮುಖ ನೋಡುತ್ತಾರೆ. ಅದಕ್ಕೇ ಅವರು ಗೆಲ್ಲುತ್ತಾರೆ.

ಮೊದಲ ಆವೃತ್ತಿಯಲ್ಲಿ ಮೂರು ಬಟನ್ ಇದ್ದವು: ನಿಜ, ಅನುಮಾನ, ಸುಳ್ಳು. 2017ರಲ್ಲಿ ಮತ್ತೆ ಬಂದಾಗ ಅವುಗಳ ಹೆಸರು ಒಳ್ಳೆ ಪೊಲೀಸ್, ಕೆಟ್ಟ ಪೊಲೀಸ್, ಆರೋಪ ಅಂತ ಆಯಿತು. ಎರಡನೆಯದು ಗದರಿಸುವುದು. ಮೂರನೆಯದು 'ನೀನು ಸುಳ್ಳ' ಅನ್ನುವುದು, ಅದಕ್ಕೆ ಪುರಾವೆ ಕೊಡಲೇಬೇಕು. ನೆನಪಿಡಬೇಕಾದ್ದು ಇಷ್ಟೇ: ಮುಖ ಸುಳ್ಳು ಅನ್ನುತ್ತಿದೆ ಆದರೆ ಕೈಯಲ್ಲಿ ಸಾಕ್ಷಿ ಇಲ್ಲ ಅಂದರೆ ಎರಡನೆಯದು. ಸಾಕ್ಷಿ ಇದ್ದರೆ ಮೂರನೆಯದು.

ಒಂದು ಉಪಾಯ ಹೇಳುತ್ತೇನೆ. ಆರೋಪದ ಬಟನ್ ಒತ್ತಿದ ಕೂಡಲೇ ಎದುರಿನವನು ಸಿಟ್ಟಾಗಿ ಏನೋ ಒಂದು ಮಾತು ಬಿಡುತ್ತಾನೆ. 'ನಾನು ಅಲ್ಲಿದ್ದೆ ಅಂತ ಯಾರು ಹೇಳಿದರು?' ಅನ್ನುವ ಥರ. ಅವನು ಕೇಳುವ ಪುರಾವೆ ಯಾವುದು ಅಂತ ಅದರಲ್ಲೇ ಗೊತ್ತಾಗುತ್ತದೆ. ನಿಮ್ಮ ಹತ್ತಿರ ಅದು ಇಲ್ಲದಿದ್ದರೆ ಸಾಕ್ಷಿ ಆರಿಸುವ ಮೊದಲು ವಾಪಸ್ ಬರಬಹುದು. ಫೆಲ್ಪ್ಸ್ ಕ್ಷಮೆ ಕೇಳಿಕೊಂಡ ಹಾಗೆ ಏನೋ ಗೊಣಗುತ್ತಾನೆ, ನಷ್ಟ ಏನಿಲ್ಲ. ಇದು ಮೋಸ ಅಂತ ತಂಗಿಯ ವಾದ. ಪೊಲೀಸರು ಮಾಡುವುದೂ ಇದನ್ನೇ ಅಲ್ವಾ ಅಂತ ನನ್ನ ವಾದ.

'ವುಲ್ಫ್ ಅಮಂಗ್ ಅಸ್'ನಲ್ಲಿ ವಿಷಯ ಉಲ್ಟಾ. ಅಲ್ಲಿ ಉತ್ತರ ಆರಿಸಲು ಕೆಲವೇ ಸೆಕೆಂಡು. 1986ರ ನ್ಯೂಯಾರ್ಕಿನಲ್ಲಿ ಅಡಗಿ ಬದುಕುವ ಜಾನಪದ ಕಥೆಗಳ ಪಾತ್ರಗಳು, ಅವರ ಮಧ್ಯೆ ಬಿಗ್ಬಿ ಎಂಬ ತೋಳನೇ ಪೊಲೀಸ್. ನಾಲ್ಕು ಉತ್ತರಗಳಲ್ಲಿ ಒಂದು ಬರೀ ಚುಕ್ಕಿ ಚುಕ್ಕಿ. ಅಂದರೆ ಸುಮ್ಮನಿರುವುದು. ನಾವು ಮೊದಮೊದಲು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆಮೇಲೆ ನೋಡಿದರೆ, ಬಿಗ್ಬಿ ಬಾಯಿ ಮುಚ್ಚಿ ನಿಂತಾಗಲೇ ಎದುರಿನವರು ಹೆದರಿ ಜಾಸ್ತಿ ಮಾತಾಡುವುದು ಕಂಡಿತು. ಎಲ್ಲರೂ ಒಟ್ಟಿಗೆ 'ಒಂದನೇದು, ಎರಡನೇದು' ಅಂತ ಕೂಗಿದರೆ ಟೈಮ್ ಮುಗಿದು ತಾನಾಗಿಯೇ ಸುಮ್ಮನಿದ್ದ ಹಾಗಾಗುತ್ತದೆ. ನಮ್ಮ ಬಿಗ್ಬಿ ಬಹಳ ಗಂಭೀರ ಮನುಷ್ಯ ಆದದ್ದು ಹೀಗೆಯೇ.

'ಏಸ್ ಅಟಾರ್ನಿ' ಆಡುವವರಿಗೆ ಒಂದೇ ಮಾತು. ಸಾಕ್ಷಿ ಹೇಳಿದ ಪ್ರತಿ ವಾಕ್ಯವನ್ನೂ ಮೊದಲು ಕೆದಕಿ. ಕೆದಕುವುದಕ್ಕೆ ಸಾಮಾನ್ಯವಾಗಿ ದಂಡ ಇಲ್ಲ. ತಪ್ಪು ಪುರಾವೆ ತೋರಿಸಿದರೆ ಇದೆ.

'ಡಿಸ್ಕೊ ಎಲೀಸಿಯಮ್' ಬೇರೆಯೇ ಲೋಕ. ಅಲ್ಲಿ ನೀವು ಕುಡಿದು ಹೆಸರೇ ಮರೆತ ಪೊಲೀಸ್. ನಿಮ್ಮ ತಲೆಯೊಳಗೆ 24 ಗುಣಗಳು, ಒಂದೊಂದೂ ಮಧ್ಯೆ ಬಾಯಿ ಹಾಕುತ್ತವೆ. ಅವು ಹೇಳುವುದೆಲ್ಲ ನಿಜ ಅಲ್ಲ, ಅದನ್ನು ನೆನಪಿಡಿ. ಈ ಗುಣಗಳ ಬಲದಿಂದ ಮಾಡುವ ಪ್ರಯತ್ನಗಳಲ್ಲಿ ಎರಡು ಬಗೆ. ಬಿಳಿ ಬಣ್ಣದ್ದು ಸೋತರೆ ಆ ಗುಣಕ್ಕೆ ಒಂದು ಅಂಕ ಸೇರಿಸಿ ಮತ್ತೆ ಮಾಡಬಹುದು. ಕೆಂಪು ಒಂದೇ ಸಲ. ಶುರುವಿನಲ್ಲಿ ದೇಹಬಲವನ್ನು ತೀರಾ ಕಡಿಮೆ ಇಟ್ಟುಕೊಂಡರೆ, ಮೊದಲ ಕೋಣೆಯಲ್ಲಿ ಫ್ಯಾನಿಗೆ ಸಿಕ್ಕಿಕೊಂಡ ಟೈ ಎಳೆಯಲು ಹೋಗಿ ಹೃದಯಾಘಾತವಾಗಿ ಸಾಯುವ ಸಾಧ್ಯತೆ ಇದೆ. ಗೇಮ್ ಶುರುವಾಗಿ ಐದು ನಿಮಿಷ ಆಗಿರುವುದಿಲ್ಲ. ಅಪ್ಪ ಪೇಪರ್ ಕೆಳಗಿಟ್ಟು, "ಮುಗೀತಾ? ಇಷ್ಟೇನಾ?" ಅಂತ ಕೇಳಿದ್ದರು.

ಹೆಜ್ಜೆ 6: ತಾಳೆ ನೋಡುವುದು

'ಓಬ್ರಾ ಡಿನ್' ಅಪ್ಪನಿಗಾಗಿಯೇ ಮಾಡಿದ ಹಾಗಿದೆ. ಲ್ಯೂಕಾಸ್ ಪೋಪ್ ಎಂಬುವರು ಮಾಡಿದ ಗೇಮ್. 1807ರಲ್ಲಿ ಒಂದು ಖಾಲಿ ಹಡಗು ಇಂಗ್ಲೆಂಡಿಗೆ ವಾಪಸ್ ಬರುತ್ತದೆ. ಹೊರಟಾಗ ಅದರಲ್ಲಿ 60 ಜನ ಇದ್ದರು. ನೀವು ಈಸ್ಟ್ ಇಂಡಿಯಾ ಕಂಪನಿಯ ವಿಮೆ ಲೆಕ್ಕದವರು. ಕೈಯಲ್ಲೊಂದು ಮಾಯದ ಗಡಿಯಾರ. ಹೆಣದ ಹತ್ತಿರ ಹಿಡಿದರೆ ಸಾಯುವ ಮೊದಲಿನ ಮಾತು ಕೇಳುತ್ತದೆ, ಆಮೇಲೆ ಸತ್ತ ಕ್ಷಣ ಫೋಟೊ ಥರ ನಿಲ್ಲುತ್ತದೆ. ಅದರೊಳಗೆ ನಡೆದಾಡಿ ಇವನು ಯಾರು, ಹೇಗೆ ಸತ್ತ, ಕೊಂದವರು ಯಾರು ಅಂತ ಬರೆಯಬೇಕು. 60 ಜನರಿಗೂ.

"60 ಆಳಿನ ಚೆಕ್‌ರೋಲ್" ಅಂದರು ಅಪ್ಪ, ಪೆನ್ನು ತೆಗೆದುಕೊಂಡರು. ಹೆಸರು ಕೂಗಿ ಕರೆಯುವುದು ಅಲ್ಲಿ ಅಪರೂಪ. ಹಾಗಾಗಿ ಬೇರೆ ದಾರಿ ಹಿಡಿಯಬೇಕು. ಒಂದು, ಬಟ್ಟೆ. ಅಧಿಕಾರಿಗಳ ಉಡುಪು ಬೇರೆ, ನಾವಿಕರದ್ದು ಬೇರೆ. ಎರಡು, ಜೊತೆ. ಪ್ರತಿ ದೊಡ್ಡ ಅಧಿಕಾರಿಗೂ ಒಬ್ಬ ಪರಿಚಾರಕ ಇದ್ದಾನೆ. ಮೇಸ್ತ್ರಿ ಹಿಂದೆ ಯಾವಾಗಲೂ ಕೊಡೆ ಹಿಡಿದು ಬರುವವನು ಒಬ್ಬನಿರುತ್ತಾನಲ್ಲ, ಹಾಗೆ. ಮೂರು, ಊರು. ಹಡಗಿನವರ ಹೆಸರಿನ ಪಟ್ಟಿಯಲ್ಲಿ ಪ್ರತಿಯೊಬ್ಬರ ದೇಶ ಬರೆದಿದೆ, ಭಾರತದ ನಾವಿಕರೂ ಇದ್ದಾರೆ. ಮಾತಿನ ಧಾಟಿ, ಬಟ್ಟೆ ನೋಡಿ ತಾಳೆ ಹಾಕಬೇಕು. ನಾಲ್ಕನೆಯದನ್ನು ಅಪ್ಪ ಹುಡುಕಿದರು. ಮಲಗುವ ಜೋಳಿಗೆಗಳಿಗೆ ಒಂದೊಂದು ನಂಬರ್ ಚೀಟಿ ಕಟ್ಟಿದ್ದಾರೆ. ಅದು ಪಟ್ಟಿಯ ನಂಬರೇ. ನಮ್ಮಲ್ಲೂ ಕೊಯ್ಲಿನ ಚೀಲಕ್ಕೆ ನಂಬರ್ ಬರೆಯುತ್ತಾರೆ, ಆ ಕಣ್ಣಿಗೆ ಅದು ಬಿದ್ದದ್ದರಲ್ಲಿ ಆಶ್ಚರ್ಯ ಇಲ್ಲ. ಇದನ್ನು ಹೇಳಿ ನಿಮ್ಮ ಮಜಾ ಒಂದಿಷ್ಟು ಕಸಿದುಕೊಂಡೆ, ಕ್ಷಮಿಸಿ. ಇನ್ನೂ ಬೇಕಾದಷ್ಟು ಉಳಿದಿದೆ.

ಚಿತ್ರದಲ್ಲಿ ಒಬ್ಬನ ಮುಖ ಮಸುಕಾಗಿದ್ದರೆ ಅವನನ್ನು ಗುರುತಿಸಲು ಬೇಕಾದ ಮಾಹಿತಿ ನಿಮಗೆ ಇನ್ನೂ ಸಿಕ್ಕಿಲ್ಲ ಅಂತ ಅರ್ಥ. ಬಿಟ್ಟು ಮುಂದೆ ಹೋಗಿ. ಮೂರು ಜನರ ಗತಿ ಸರಿಯಾಗಿ ಬರೆದಾಗ ಮಾತ್ರ ಗೇಮಿನೊಳಗಿನ ಪುಸ್ತಕ ಒಪ್ಪಿಕೊಳ್ಳುತ್ತದೆ. ಇದರಿಂದ ಒಂದು ಕಳ್ಳದಾರಿಯೂ ಇದೆ. ಇಬ್ಬರದ್ದು ಖಚಿತ ಇದ್ದರೆ ಮೂರನೆಯವನಿಗೆ ಒಂದೊಂದೇ ಹೆಸರು ಹಾಕಿ ನೋಡುವುದು. ನಾವೂ ಮಾಡಿದ್ದೇವೆ. ಕೊನೆಯ ಮೂರ್ನಾಲ್ಕು ಜನರಿಗೆ ಪರವಾಗಿಲ್ಲ, ಮೊದಲಿಂದಲೇ ಮಾಡಿದರೆ ಗೇಮ್ ಕೊಂಡದ್ದೇ ದಂಡ.

'ಗೋಲ್ಡನ್ ಐಡಲ್' ಇದರ ಚಿಕ್ಕ ತಮ್ಮ. ನಿಂತ ದೃಶ್ಯದಲ್ಲಿ ಹೆಸರು, ಕ್ರಿಯೆ, ವಸ್ತುಗಳ ಪದ ಆರಿಸಿ ಬಿಟ್ಟ ಸ್ಥಳ ತುಂಬುವುದು. ಶಾಲೆಯಲ್ಲಿ ಮಾಡಿದ್ದೇ.

'ಹರ್ ಸ್ಟೋರಿ'ಯಲ್ಲಿ ಹೆಣವೂ ಇಲ್ಲ, ಓಡಾಟವೂ ಇಲ್ಲ. 1994ರಲ್ಲಿ ಪೊಲೀಸರು ಒಬ್ಬ ಹೆಂಗಸನ್ನು ಏಳು ಸಲ ವಿಚಾರಣೆ ಮಾಡಿದ ವಿಡಿಯೊ ತುಣುಕುಗಳು. ಅವಳ ಉತ್ತರ ಮಾತ್ರ ಇದೆ, ಪ್ರಶ್ನೆ ಇಲ್ಲ. ಒಂದು ಪದ ಹೊಡೆದರೆ ಆ ಪದ ಇರುವ ತುಣುಕುಗಳಲ್ಲಿ ಮೊದಲ ಐದು ಮಾತ್ರ ತೋರಿಸುತ್ತದೆ. ಇದೇ ಕೀಲಿ. ಗಂಡನ ಹೆಸರು ಸೈಮನ್. ಅದನ್ನು ಹೊಡೆದರೆ ಹಳೆಯ ಐದು ಬರುತ್ತವೆ, ಮುಖ್ಯವಾದವು ಹಿಂದೆ ಅಡಗಿರುತ್ತವೆ. ಹೆಸರಿನ ಜೊತೆ ಇನ್ನೊಂದು ಪದ ಸೇರಿಸಿ. ದೊಡ್ಡ ಪದ ಬಿಡಿ, ಅವಳು ಮಾತಿನ ಮಧ್ಯೆ ಸುಮ್ನೆ ಅಂದುಬಿಟ್ಟ ಚಿಕ್ಕ ಪದ ಹಿಡಿಯಿರಿ. ಒಂದು ಸಾಮಾನಿನ ಹೆಸರು, ಒಂದು ಊರು. ಪುಸ್ತಕ ಹಿಡಿದವರ ಕೆಲಸ ಇಲ್ಲಿ ಜಾಸ್ತಿ. ಯಾವ ಪದ ಹೊಡೆದಾಯಿತು, ಯಾವುದು ಬಾಕಿ ಅಂತ ಬರೆಯದಿದ್ದರೆ ಸುತ್ತಿದಲ್ಲೇ ಸುತ್ತುತ್ತೀರಿ.

ಹೆಜ್ಜೆ 7: ತಪ್ಪಾದರೆ ತಪ್ಪಾಗಲಿ

ತಪ್ಪು ಮನುಷ್ಯನನ್ನು ಹಿಡಿದೆವು ಅನ್ನಿಸಿದ ಕೂಡಲೇ ಹಳೆ ಸೇವ್‌ಗೆ ಓಡಬೇಡಿ. 'ಕ್ರೈಮ್ಸ್ ಅಂಡ್ ಪನಿಶ್‌ಮೆಂಟ್ಸ್'ನಲ್ಲಿ ತಪ್ಪು ಮನುಷ್ಯನ ಮೇಲೆ ಆರೋಪ ಹೊರಿಸಿದರೂ ಕೇಸ್ ಮುಗಿಯುತ್ತದೆ. ಸರಿಯಾ ತಪ್ಪಾ ಅಂತ ನೋಡುವ ಆಯ್ಕೆ ಕೊನೆಯಲ್ಲಿ ಇದೆ, ನೋಡಬೇಕೋ ಬೇಡವೋ ನಿಮ್ಮಿಷ್ಟ. ನಾವು ಮಾರನೆಯ ದಿನ ಬೆಳಿಗ್ಗೆ ನೋಡುತ್ತೇವೆ. ರಾತ್ರಿಯೆಲ್ಲ ಜಗಳ ಆಡಲು ಒಂದು ವಿಷಯ ಬೇಕಲ್ಲ.

'ಪೆಂಟಿಮೆಂಟ್' ಇನ್ನೂ ಕ್ರೂರ. ಆಂಡ್ರಿಯಾಸ್ ಎಂಬ ಚಿತ್ರಕಾರ ಕೊಲೆಗಾರನನ್ನು ಹುಡುಕಬೇಕು, ಆದರೆ ದಿನಗಳು ಲೆಕ್ಕದ್ದು. ಊಟ ಯಾರ ಮನೆಯಲ್ಲಿ ಅಂತ ಆರಿಸಬೇಕು. ಆ ಮನೆಯ ಮಾತು ಕೇಳುತ್ತದೆ, ಉಳಿದ ಮನೆಗಳದ್ದು ತಪ್ಪಿಹೋಗುತ್ತದೆ. ಕೊನೆಗೆ ಒಬ್ಬರ ಹೆಸರು ಹೇಳಿದರೆ ಅವರಿಗೆ ಮರಣದಂಡನೆ. ಸರಿಯಾದವರನ್ನೇ ಹೇಳಿದಿರಾ ಅಂತ ಗೇಮ್ ಖಚಿತ ಮಾಡುವುದಿಲ್ಲ. ಅಮ್ಮ ಆಮೇಲೆ ಎರಡು ದಿನ ಗೇಮ್ ಹಾಕಲು ಬಿಡಲಿಲ್ಲ.

ಮುಂದೆ ದಾರಿಯೇ ಕಾಣದಾದಾಗ ಪೂರ್ತಿ ಉತ್ತರದ ವಿಡಿಯೊ ನೋಡಬೇಡಿ. ಅವತ್ತಿಗೆ ನಿಲ್ಲಿಸಿ. ಪುಸ್ತಕದ ಎಡಭಾಗವನ್ನು ಮಾತ್ರ ಯಾರಾದರೂ ಗಟ್ಟಿಯಾಗಿ ಓದಲಿ. ಹತ್ತರಲ್ಲಿ ಏಳು ಸಲ ಅಲ್ಲೇ ಸಿಗುತ್ತದೆ. ಸಿಗದಿದ್ದರೆ 'ಎಲ್.ಎ. ನ್ವಾರ್'ನಲ್ಲಿ ಇಂಟ್ಯೂಷನ್ ಅಂತ ಅಂಕಗಳಿವೆ, ಒಂದು ಖರ್ಚು ಮಾಡಿದರೆ ಒಂದು ತಪ್ಪು ಉತ್ತರ ಅಳಿಸುತ್ತದೆ. ಗುಂಡು ಹಾರಿಸುವ, ಅಟ್ಟಿಸಿಕೊಂಡು ಹೋಗುವ ಕಡೆ ಮತ್ತೆ ಮತ್ತೆ ಸೋತರೆ ಆ ಭಾಗವನ್ನೇ ದಾಟಿ ಹೋಗಲು ಅದೇ ಗೇಮ್ ಬಿಡುತ್ತದೆ. ನಾಚಿಕೆ ಪಡಬೇಕಿಲ್ಲ. ನಮ್ಮ ಮನೆಯಲ್ಲಿ ಕಾರು ಓಡಿಸುವ ಭಾಗವನ್ನು ಜೊತೆಗಾರ ಪೊಲೀಸನಿಗೇ ಬಿಟ್ಟಿದ್ದೇವೆ.

ಕೊನೆಗೆ 'ಹೆವಿ ರೈನ್'

ಇದನ್ನು ಬೇಕಂತಲೇ ಕೊನೆಗೆ ಇಟ್ಟುಕೊಂಡೆ. ನೀವೂ ಮಳೆಗಾಲದ ಕೊನೆಗೆ ಇಟ್ಟುಕೊಳ್ಳಿ. ನಾಲ್ಕು ಪಾತ್ರಗಳಾಗಿ ಆಡುವ ಕಥೆ: ಮಗನನ್ನು ಕಳೆದುಕೊಂಡ ಅಪ್ಪ, ಖಾಸಗಿ ಪತ್ತೇದಾರ, ಎಫ್‌ಬಿಐ ಅಧಿಕಾರಿ, ಪತ್ರಕರ್ತೆ. ಇವರಲ್ಲಿ ಯಾರಾದರೂ ಸತ್ತರೂ ಗೇಮ್ ನಿಲ್ಲುವುದಿಲ್ಲ, ಅವರಿಲ್ಲದೆಯೇ ಕಥೆ ಮುಂದೆ ಹೋಗುತ್ತದೆ. ಕೊಲೆಗಾರ ಮಾತ್ರ ಯಾವಾಗಲೂ ಒಬ್ಬನೇ. ಬಟನ್‌ಗಳನ್ನು ಬೇಗ ಒತ್ತಬೇಕಾದ ಕಡೆ ಇವೆ, ಹಾಗಾಗಿ ಕಂಟ್ರೋಲರ್ ಚುರುಕು ಕೈಯಲ್ಲಿರಲಿ. ನಮ್ಮಲ್ಲಿ ತಂಗಿ.

ಇದರಲ್ಲಿ ಕೊಲೆಗಾರ ಹುಡುಗರನ್ನು ಮಳೆನೀರಿನಲ್ಲಿ ಮುಳುಗಿಸಿ ಕೊಲ್ಲುತ್ತಾನೆ. ಅಂದರೆ ಮಳೆ ಎಷ್ಟು ಬಂತು ಅನ್ನುವುದೇ ಗಡಿಯಾರ. ಕಥೆ ಮುಂದೆ ಹೋದ ಹಾಗೆ ತಾರೀಕು, ಹೊತ್ತು, ಅದರ ಜೊತೆ ಮಳೆ ಇಷ್ಟು ಇಂಚು ಅಂತ ಪರದೆ ಮೇಲೆ ಬರುತ್ತದೆ. ಅಪ್ಪ ಅಂಗಳದಲ್ಲಿ ಮಳೆಮಾಪಕ ಇಟ್ಟು ದಿನಾ ಬೆಳಿಗ್ಗೆ ಇಂಚಿನ ಲೆಕ್ಕ ಬರೆಯುವ ಮನುಷ್ಯ. ಅವರ ಅಪ್ಪನೂ ಬರೆಯುತ್ತಿದ್ದರು. ಪರದೆ ಮೇಲೆ ನಾಲ್ಕು ಇಂಚು ಅಂತ ಬಂದಾಗ ನಾವೆಲ್ಲ ಉಸಿರು ಬಿಗಿಹಿಡಿದಿದ್ದೆವು.

"ಎಷ್ಟು ದಿನದ್ದು ಅದು?" ಅಂದರು ಅಪ್ಪ.

"ಎರಡು ಮೂರು ದಿನದ್ದು ಇರಬೇಕು."

ಎದ್ದು ಹೋಗಿ ಕಪಾಟಿನಿಂದ ಮಳೆ ಪುಸ್ತಕ ತಂದರು. ಕನ್ನಡಕ ಹಾಕಿಕೊಂಡು ಜುಲೈ ಪುಟ ತೆಗೆದರು. ಅತ್ತೆ ಗೇಮ್ ನಿಲ್ಲಿಸು ಅಂತ ಸನ್ನೆ ಮಾಡಿದರು. ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಬಂದು, "ಮೊನ್ನೆ ಒಂದೇ ರಾತ್ರಿ ಐದೂ ಕಾಲು" ಅಂದರು. "ಆ ಹುಡುಗ ನಮ್ಮ ಕಡೆ ಇದ್ದಿದ್ರೆ ಮೊದಲ ದಿನವೇ ಹೋಗ್ತಿದ್ದ. ಬೇಗ ಹುಡುಕಿ ಮಾರಾಯ್ತಿ, ನೋಡ್ತಾ ಕೂತಿದ್ದೀಯಲ್ಲ."

ತಂಗಿ ಮತ್ತೆ ಬಟನ್ ಒತ್ತಿದಳು. ಅಷ್ಟರಲ್ಲಿ ಕರೆಂಟ್ ಹೋಯಿತು.